ಗಿಳಿಗಳ ಚಿತ್ರಗಾರ ಎಡ್ವರ್ಡ್ ಲಿಯರ್

ಮಕ್ಕಳೇ, ನೀವೆಲ್ಲ ಗಿಳಿಯ ಚಿತ್ರ ಬರೆದೇ ಇರುತ್ತೀರಿ. ಹಸಿರು ಮೈ, ಕೆಂಪು ಕೊಕ್ಕು, ಗಂಡು ಗಿಳಿಯಾದರೆ ಕುತ್ತಿಗೆಗೊಂದು ಪಟ್ಟಿ. ಇಷ್ಟಾದರೆ ಚಿತ್ರ ಮುಗಿಯಿತು. ಆದರೆ ಕಾಲು ಬರೆಯುವಾಗ ಎಷ್ಟು ಬೆರಳನ್ನು ಮುಂದಕ್ಕೆ ಬರೆದಿರಿ, ಎಷ್ಟನ್ನು ಹಿಂದಕ್ಕೆ? ಕಾಗೆ, ಗುಬ್ಬಿ, ಮೈನಾಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಗಿಳಿಗೆ ಹಾಗಲ್ಲ. ಅದಕ್ಕೆ ಎರಡು ಮುಂದೆ, ಎರಡು ಹಿಂದೆ. ಅದಕ್ಕೇ ಅದು ಸೀಬೆಹಣ್ಣನ್ನು ನಾವು ಕೈಯಲ್ಲಿ ಹಿಡಿದ ಹಾಗೆ ಒಂದು ಕಾಲಿನಲ್ಲಿ ಹಿಡಿದು ತಿನ್ನಬಲ್ಲದು. ಈಗ ನಿಮ್ಮ ಚಿತ್ರವನ್ನು ತೆಗೆದು ನೋಡಿ!

ಇಂತಹ ತಪ್ಪು ಒಂದೂ ಇಲ್ಲದಂತೆ ಗಿಳಿಗಳ ಚಿತ್ರ ಬರೆಯಬೇಕೆಂದು ಹಟ ತೊಟ್ಟ ಹುಡುಗನೊಬ್ಬ ಸುಮಾರು ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದ. ಆಗ ಅವನಿಗೆ ಹದಿನೆಂಟು ವರ್ಷ. ಮುಂದೆ ಅವನು ಹೆಸರಾದದ್ದು ಮಾತ್ರ ಗಿಳಿಗಳಿಂದಲ್ಲ, ಮಕ್ಕಳನ್ನು ನಗಿಸುವ ಪ್ರಾಸಪದ್ಯಗಳಿಂದ. ಅವನ ಹೆಸರು ಎಡ್ವರ್ಡ್ ಲಿಯರ್. ಗಿಳಿಯ ಕಾಲ್ಬೆರಳಿಗೂ ನಗೆಪದ್ಯಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ಸಂಬಂಧವಿದೆ. ಅದನ್ನು ತಿಳಿಯಲು ಅವನ ಕಥೆಯನ್ನು ಮೊದಲಿನಿಂದ ನೋಡೋಣ.

ಲಿಯರ್ ಹುಟ್ಟಿದ್ದು 1812ರ ಮೇ 12ರಂದು, ಲಂಡನ್ ಬಳಿಯ ಹಾಲೊವೇ ಎಂಬಲ್ಲಿ. ಅಪ್ಪ ಅಮ್ಮನಿಗೆ ಇಪ್ಪತ್ತೊಂದು ಮಕ್ಕಳು, ಅವರಲ್ಲಿ ಇವನು ಇಪ್ಪತ್ತನೆಯವನು ಎಂದು ಹೇಳುತ್ತಾರೆ. ಹಲವು ಕೂಸುಗಳು ಎಳವೆಯಲ್ಲೇ ತೀರಿಕೊಂಡವು. ಅಪ್ಪನದು ಷೇರು ವ್ಯಾಪಾರ. ಲಿಯರ್‌ಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಮನೆಯಲ್ಲಿ ಹಣದ ತೊಂದರೆ ಶುರುವಾಯಿತು. ತಾಯಿ ಈ ಮಗುವನ್ನು ಹಿರಿಯ ಮಗಳು ಆ್ಯನ್‌ಳ ಕೈಗೆ ಒಪ್ಪಿಸಿಬಿಟ್ಟಳು. ಅಕ್ಕ ತಮ್ಮನಿಗಿಂತ ಇಪ್ಪತ್ತೊಂದು ವರ್ಷ ದೊಡ್ಡವಳು. ಅವಳೇ ಅವನಿಗೆ ತಾಯಿಯಾದಳು, ಗುರುವೂ ಆದಳು. ಅಕ್ಷರ ಕಲಿಸಿದ್ದಲ್ಲದೆ, ಹೂವು, ಚಿಟ್ಟೆ, ಹಕ್ಕಿಗಳನ್ನು ನೋಡಿ ಬರೆಯುವುದನ್ನೂ ಹೇಳಿಕೊಟ್ಟಳು. ಶಾಲೆಯ ಮುಖವನ್ನು ಅವನು ನೋಡಿದ್ದು ಬಹಳ ಕಡಿಮೆ.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಐದಾರು ವರ್ಷದವನಿದ್ದಾಗಲೇ ಅವನಿಗೆ ಮೂರ್ಛೆರೋಗ ಅಂಟಿಕೊಂಡಿತು. ಮೆದುಳಿನ ನರಕೋಶಗಳು ಚಿಕ್ಕ ಚಿಕ್ಕ ವಿದ್ಯುತ್ ಸಂಕೇತಗಳಿಂದ ಮಾತಾಡಿಕೊಳ್ಳುತ್ತವೆ. ಆ ಸಂಕೇತಗಳು ಒಮ್ಮೆಲೇ ಲೆಕ್ಕತಪ್ಪಿ ಹರಿದಾಗ ಮೈ ಸೆಟೆದು ನಡುಗುತ್ತದೆ, ಎಚ್ಚರ ತಪ್ಪುತ್ತದೆ. ಅದಷ್ಟೇ ಈ ರೋಗ. ದೆವ್ವವೂ ಅಲ್ಲ, ಶಾಪವೂ ಅಲ್ಲ, ಮುಟ್ಟಿದರೆ ಹರಡುವುದೂ ಇಲ್ಲ. ಆದರೆ ಆ ಕಾಲದಲ್ಲಿ ಜನ ಅದನ್ನು ನಾಚಿಕೆಯ ಕಾಯಿಲೆ ಎಂದುಕೊಂಡಿದ್ದರು. ಲಿಯರ್ ಬದುಕಿಡೀ ಅದನ್ನು ಗೆಳೆಯರಿಂದಲೂ ಬಚ್ಚಿಟ್ಟ. ಬರುವ ಮುನ್ಸೂಚನೆ ತಿಳಿದೊಡನೆ ಎದ್ದು ತನ್ನ ಕೋಣೆಗೆ ಹೋಗಿಬಿಡುತ್ತಿದ್ದ. ದಿನಚರಿಯಲ್ಲಿ ಮಾತ್ರ ಬಂದ ದಿನ ಒಂದು ಗುರುತು ಹಾಕಿಡುತ್ತಿದ್ದ. ಇಂದು ಇದಕ್ಕೆ ಔಷಧಿಗಳಿವೆ, ಹೆಚ್ಚಿನವರಿಗೆ ಹತೋಟಿಗೂ ಬರುತ್ತದೆ. ನಿಮ್ಮ ತರಗತಿಯಲ್ಲಿ ಯಾರಿಗಾದರೂ ಹೀಗಾದರೆ ಕೈಗೆ ಕಬ್ಬಿಣ ಕೊಡಲು, ಬಾಯಿಗೆ ಚಮಚ ತುರುಕಲು ಹೋಗಬೇಡಿ. ಸುತ್ತ ಗುಂಪುಗೂಡದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ ಟೀಚರನ್ನು ಕರೆಯಿರಿ.

ಹದಿನೈದು ಹದಿನಾರು ವರ್ಷಕ್ಕೆಲ್ಲ ಲಿಯರ್ ದುಡಿಮೆಗೆ ಇಳಿಯಬೇಕಾಯಿತು. ಗೊತ್ತಿದ್ದದ್ದು ಚಿತ್ರ ಬರೆಯುವುದೊಂದೇ. ಅಂಗಡಿಗಳಿಗೆ ಸಣ್ಣಪುಟ್ಟ ಚಿತ್ರ ಬರೆದುಕೊಟ್ಟ, ಬೀಸಣಿಗೆಗಳಿಗೆ ಬಣ್ಣ ಹಾಕಿದ. ವೈದ್ಯರಿಗಾಗಿ ರೋಗಪೀಡಿತ ಅಂಗಾಂಗಗಳ ಚಿತ್ರಗಳನ್ನೂ ಬರೆದ. ಆಗ ಕ್ಯಾಮರಾ ಇರಲಿಲ್ಲವಲ್ಲ, ವೈದ್ಯರಿಗೆ ನೆನಪಿಗೊಂದು ಚಿತ್ರ ಬೇಕಾದರೆ ಕೈಯಲ್ಲೇ ಬರೆಸಬೇಕಿತ್ತು.

ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ 1828ರಲ್ಲಿ ಪ್ರಾಣಿಶಾಸ್ತ್ರ ಸಂಘದ ಮೃಗಾಲಯ ಶುರುವಾಯಿತು. ದೂರದ ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳ ಗಿಳಿಗಳು ಅಲ್ಲಿಗೆ ಬಂದಿಳಿದವು. 1830ರಲ್ಲಿ ಲಿಯರ್ ಅಲ್ಲಿ ಕುಳಿತು ಗಿಳಿಗಳನ್ನು ಬರೆಯಲು ಅನುಮತಿ ಪಡೆದ. ಗಿಳಿಗಳ ಬಗ್ಗೆಯೇ ಒಂದು ದೊಡ್ಡ ಚಿತ್ರಪುಸ್ತಕ ತರಬೇಕೆಂಬುದು ಅವನ ಆಸೆ. ಒಂದೇ ಕುಟುಂಬದ ಹಕ್ಕಿಗಳಿಗೆ ಮೀಸಲಾದ ಪುಸ್ತಕ ಇಂಗ್ಲೆಂಡಿನಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಆ ಕಾಲದ ಹಕ್ಕಿ ಚಿತ್ರಗಾರರು ಹೆಚ್ಚಾಗಿ ಸತ್ತ ಹಕ್ಕಿಯ ಚರ್ಮಕ್ಕೆ ಹತ್ತಿಯೋ ಹುಲ್ಲೋ ತುಂಬಿ, ಅದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರು. ಹಕ್ಕಿಯ ಅಳತೆ ಸಿಗುತ್ತಿತ್ತು, ಜೀವಕಳೆ ಸಿಗುತ್ತಿರಲಿಲ್ಲ. ಗಾಜಿನ ಕಣ್ಣು, ಕೋಲಿನಂತೆ ನೆಟ್ಟಗೆ ನಿಂತ ಮೈ. ಲಿಯರ್ ಸಾಧ್ಯವಾದಷ್ಟೂ ಜೀವಂತ ಹಕ್ಕಿಗಳನ್ನೇ ನೋಡಿ ಬರೆದ. ಕಾವಲುಗಾರ ಹಕ್ಕಿಯನ್ನು ಹಿಡಿದುಕೊಂಡರೆ ಇವನು ರೆಕ್ಕೆ, ಕಾಲು, ಕೊಕ್ಕು ಎಲ್ಲವನ್ನೂ ಅಳೆಯುತ್ತಿದ್ದ. ಆಮೇಲೆ ಪಂಜರದ ಮುಂದೆ ಕುಳಿತು ಅದು ಹೇಗೆ ತಲೆ ಓರೆ ಮಾಡುತ್ತದೆ, ಕೋಪ ಬಂದರೆ ಗರಿಗಳನ್ನು ಹೇಗೆ ಉಬ್ಬಿಸುತ್ತದೆ ಎಂದು ನೋಡುತ್ತಿದ್ದ. ಒಂದೊಂದು ಗಿಳಿಯದೂ ಒಂದೊಂದು ಸ್ವಭಾವ. ಒಂದು ಜಂಬದ್ದು, ಒಂದು ಅಂಜುಬುರುಕ, ಇನ್ನೊಂದು ತುಂಟ. ಅವನ ಚಿತ್ರಗಳಲ್ಲಿ ಅದೆಲ್ಲ ಕಾಣುತ್ತದೆ. ನೋಡಿದರೆ ಯಾರೋ ಪರಿಚಯದವರ ಮುಖದ ಹಾಗಿರುತ್ತದೆ!

ಇನ್ನೊಂದು ಸ್ವಾರಸ್ಯ ಕೇಳಿ. ಇವನು ಗಿಳಿಗಳನ್ನು ನೋಡುತ್ತಿದ್ದರೆ ಮೃಗಾಲಯಕ್ಕೆ ಬಂದವರು ಸುತ್ತ ನಿಂತು ಇವನನ್ನು ನೋಡುತ್ತಿದ್ದರು. ಲಿಯರ್ ಸುಮ್ಮನಿರುವವನೇ? ಹಕ್ಕಿಯ ಅಭ್ಯಾಸಚಿತ್ರಗಳ ನಡುವೆ ಬಾಯಿ ತೆರೆದು ನಿಂತ ಆ ಜನರ ಮುಖಗಳನ್ನೂ ಗೀಚಿದ. ಹಕ್ಕಿಯೂ ಮನುಷ್ಯನೂ ಒಂದೇ ಕಾಗದದ ಮೇಲೆ! ಮುಂದಿನ ನಗೆಪುಸ್ತಕದ ಬೀಜ ಅಲ್ಲೇ ಬಿದ್ದಿತು ಎಂದು ನನಗನ್ನಿಸುತ್ತದೆ.

ಆ ಗಿಳಿಪುಸ್ತಕವನ್ನು ಅಚ್ಚು ಹಾಕಿದ್ದು ಕಲ್ಲಚ್ಚಿನಲ್ಲಿ. ಹೆಸರೇ ಹೇಳುವಂತೆ ಅದು ಕಲ್ಲಿನ ಮೇಲೆ ಬರೆದು ಮುದ್ರಿಸುವ ವಿಧಾನ. ಸಾಣೆ ಹಿಡಿದು ನುಣುಪು ಮಾಡಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು. ಕಲ್ಲಿಗೆ ಆಮ್ಲ ಬೆರೆತ ಅಂಟಿನ ದ್ರಾವಣ ಸವರಿ ಚಿತ್ರವನ್ನು ಹದಗೊಳಿಸಿ, ನಂತರ ನೀರು ಒರೆಸಬೇಕು. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ. ಆದ್ದರಿಂದ ನೀರು ಚಿತ್ರವಿಲ್ಲದ ಜಾಗದಲ್ಲಿ ಮಾತ್ರ ನಿಲ್ಲುತ್ತದೆ. ಈಗ ಎಣ್ಣೆ ಬೆರೆತ ಶಾಯಿಯನ್ನು ಉರುಳೆಯಿಂದ ಉರುಳಿಸಿದರೆ ಅದು ಒದ್ದೆ ಕಲ್ಲನ್ನು ಬಿಟ್ಟು ಜಿಡ್ಡಿನ ಗೆರೆಗಳಿಗೇ ಅಂಟುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರ ಸಿದ್ಧ. ಆದರೆ ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ, ಕನ್ನಡಿಯಲ್ಲಿ ಬಂದ ಹಾಗೆ. ಕಲಾವಿದ ಅದನ್ನು ಮೊದಲೇ ಯೋಚಿಸಿ ಬರೆಯಬೇಕು.

ಇದರ ಗುಟ್ಟನ್ನು ನೀವೂ ಮಾಡಿ ನೋಡಬಹುದು. ಬಿಳಿ ಮೇಣದಬತ್ತಿಯಿಂದ ಬಿಳಿ ಹಾಳೆಯ ಮೇಲೆ ಒತ್ತಿ ಒಂದು ಗಿಳಿ ಬರೆಯಿರಿ. ಏನೂ ಕಾಣುವುದಿಲ್ಲ. ಅದರ ಮೇಲೆ ನೀಲಿ ಶಾಯಿ ಬೆರೆಸಿದ ನೀರನ್ನು ಹತ್ತಿಯಿಂದ ಸವರಿ. ಮೇಣವಿದ್ದ ಕಡೆ ನೀರು ಹತ್ತದೆ ನಿಮ್ಮ ಗಿಳಿ ಬೆಳ್ಳಗೆ ಎದ್ದು ಬರುತ್ತದೆ.

ಬಣ್ಣ ಮಾತ್ರ ಕಲ್ಲಿನಿಂದ ಬರುತ್ತಿರಲಿಲ್ಲ. ಅಚ್ಚಾದ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ತುಂಬಬೇಕಿತ್ತು. ಪುಸ್ತಕದ ಹಾಳೆಗಳೋ ಒಂದೂವರೆ ಅಡಿಗಿಂತ ಉದ್ದ. ಒಟ್ಟು 42 ಚಿತ್ರಗಳು, ಚಂದಾದಾರರಿಗಾಗಿ 175 ಪ್ರತಿಗಳು. 1830ರಿಂದ 1832ರವರೆಗೆ ಕಂತು ಕಂತಾಗಿ ಪುಸ್ತಕ ಹೊರಬಂತು. ಹದಿನಾಲ್ಕು ಕಂತು ತರಬೇಕೆಂದಿದ್ದರೂ ಕೈಯಲ್ಲಿ ಕಾಸಿಲ್ಲದೆ ಹನ್ನೆರಡಕ್ಕೇ ನಿಲ್ಲಿಸಬೇಕಾಯಿತು. ಲಿಯರ್‌ಗೆ ಹಣ ಉಳಿಯಲಿಲ್ಲ, ಹೆಸರು ಉಳಿಯಿತು. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ತನ್ನ ಯುರೋಪಿನ ಹಕ್ಕಿಗಳ ಪುಸ್ತಕಕ್ಕೆ ಇವನಿಂದ ಚಿತ್ರ ಬರೆಸಿದ. ಅದರಲ್ಲಿನ ದೊಡ್ಡ ಗೂಬೆ ಲಿಯರ್ ಬರೆದದ್ದು. ಅದು ನಮ್ಮನ್ನೇ ದಿಟ್ಟಿಸಿ ನೋಡುತ್ತದೆ.

ಡರ್ಬಿಯ ಅರ್ಲ್ ಎಂಬ ದೊಡ್ಡ ಜಮೀನುದಾರರ ಮನೆತನಕ್ಕೆ ಲಿವರ್‌ಪೂಲ್ ಬಳಿ ನೋಸ್ಲಿ ಎಂಬಲ್ಲಿ ಬಂಗಲೆಯಿತ್ತು, ಜೊತೆಗೆ ಸ್ವಂತ ಪ್ರಾಣಿಸಂಗ್ರಹಾಲಯವೂ ಇತ್ತು. ಆ ಪ್ರಾಣಿಗಳ ಚಿತ್ರ ಬರೆಯಲು ಲಿಯರ್‌ನನ್ನು ಅಲ್ಲಿಗೆ ಕರೆಸಿದರು. ಮೊದಮೊದಲು ಅವನ ಊಟ ಮನೆಯ ಕೆಲಸದವರ ಜೊತೆ. ಆದರೆ ಮನೆಯ ಮಕ್ಕಳು ಹಿರಿಯರ ಊಟದ ಮೇಜಿನಿಂದ ಬೇಗ ಬೇಗ ಎದ್ದು ಎಲ್ಲಿಗೋ ಓಡಲು ಶುರುಮಾಡಿದರಂತೆ. ವಿಚಾರಿಸಿದರೆ, ಕೆಳಗೆ ಚಿತ್ರಗಾರನ ಕೋಣೆಯಲ್ಲಿ ನಗೆಯೋ ನಗೆ! ಅವನು ತಮಾಷೆಯ ಪದ್ಯ ಕಟ್ಟಿ, ಅದಕ್ಕೊಂದು ಚಿತ್ರವನ್ನೂ ಅಲ್ಲೇ ಗೀಚಿ ತೋರಿಸುತ್ತಿದ್ದ. ಆಮೇಲೆ ಅವನಿಗೂ ಮೇಲಿನ ಮೇಜಿನಲ್ಲೇ ಜಾಗ ಸಿಕ್ಕಿತು ಎಂಬುದು ಈ ಕಥೆಯ ಕೊನೆ.

ಆ ಪದ್ಯಗಳು 1846ರಲ್ಲಿ ಪುಸ್ತಕವಾದವು. ಅರ್ಥವಿಲ್ಲದ ಮಾತುಗಳ ಪುಸ್ತಕ ಎನ್ನುವಂತಹ ಹೆಸರು. ಲೇಖಕನ ಜಾಗದಲ್ಲಿ ಸುಳ್ಳು ಹೆಸರು. ಇದೂ ಕಲ್ಲಚ್ಚಿನಲ್ಲೇ ಮುದ್ರಣವಾಯಿತು. ಪದ್ಯಗಳ ಕಟ್ಟು ಸರಳ. ಐದು ಚಿಕ್ಕ ಭಾಗ. ಒಂದು, ಎರಡು ಮತ್ತು ಐದನೆಯದಕ್ಕೆ ಒಂದೇ ಪ್ರಾಸ. ನಡುವಿನ ಮೂರು, ನಾಲ್ಕು ಗಿಡ್ಡವು, ಅವಕ್ಕೆ ಬೇರೆ ಪ್ರಾಸ. ಇದನ್ನು ಈಗ ಲಿಮರಿಕ್ ಎನ್ನುತ್ತಾರೆ. ಈ ಕಟ್ಟು ಲಿಯರ್ ಹುಟ್ಟುಹಾಕಿದ್ದಲ್ಲ, 1820ರ ಸುಮಾರಿಗೇ ಇಂತಹ ಚಿತ್ರಪದ್ಯಗಳು ಬಂದಿದ್ದವು. ನಿಜ ಹೇಳಬೇಕೆಂದರೆ ಅವನ ಪದ್ಯಗಳಲ್ಲಿ ಕೊನೆಯ ಸಾಲು ಎಷ್ಟೋ ಸಲ ಮೊದಲ ಸಾಲನ್ನೇ ಮತ್ತೆ ಹೇಳಿ ಮುಗಿಸುತ್ತದೆ. ಚಿತ್ರವನ್ನು ಮುಚ್ಚಿ ಬರೀ ಪದ್ಯ ಓದಿದರೆ ಅರ್ಧಕ್ಕರ್ಧ ಸಪ್ಪೆ. ಚಿತ್ರದ ಮೇಲಿನ ಕೈ ತೆಗೆದೊಡನೆ ನಗು ಉಕ್ಕುತ್ತದೆ.

ಏಕೆ? ಒಂದೆರಡನ್ನು ನೋಡೋಣ. ಒಬ್ಬ ಮುದುಕ ಪೊದೆಯಲ್ಲೊಂದು ಮರಿಹಕ್ಕಿಯಿದೆ ಎಂದು ಮೆಲ್ಲಗೆ ಹೇಳುತ್ತಾನೆ. ಅದು ಚಿಕ್ಕದೋ ಎಂದು ಕೇಳಿದರೆ, ಅಲ್ಲ, ಪೊದೆಯ ನಾಲ್ಕರಷ್ಟಿದೆ ಎನ್ನುತ್ತಾನೆ. ಇಷ್ಟು ಪದ್ಯದ ಕೆಲಸ. ಚಿತ್ರದಲ್ಲಿ ಪುಟ್ಟ ಪೊದೆಯ ಮೇಲೆ ಆ ಭಾರಿ ಹಕ್ಕಿ ಕುಳಿತಿದೆ. ಅದನ್ನು ನೋಡುವ ಮುದುಕನ ಮುಖವೂ ಹಕ್ಕಿಯ ಮುಖದಂತೆಯೇ ಇದೆ! ಈ ಮಾತು ಪದ್ಯದಲ್ಲಿ ಎಲ್ಲೂ ಇಲ್ಲ. ಚಿತ್ರ ಅದನ್ನು ತಾನೇ ಸೇರಿಸಿದೆ.

ಇನ್ನೊಂದು ಪದ್ಯದಲ್ಲಿ ವೈಟ್‌ಹೇವನ್ ಎಂಬ ಊರಿನ ಮುದುಕ. ಅವನು ರೇವನ್ ಎಂಬ ದೊಡ್ಡ ಜಾತಿಯ ಕಾಗೆಯ ಜೊತೆ ಕುಣಿಯುತ್ತಾನೆ. ಹಕ್ಕಿಗೆ ಇಷ್ಟು ಸಲುಗೆ ಕೊಡಬಾರದು ಎಂದು ಊರವರು ಸಿಟ್ಟಾಗಿ ಅವನನ್ನು ಬಡಿದುಬಿಡುತ್ತಾರೆ. ಓದಿದರೆ ಅಯ್ಯೋ ಎನಿಸುತ್ತದೆ. ಆದರೆ ಚಿತ್ರದಲ್ಲಿ ಊರವರ ಸುಳಿವೇ ಇಲ್ಲ. ಮುದುಕ ಮತ್ತು ಕಾಗೆ ಎದುರುಬದುರು ನಿಂತು ಖುಷಿಯಿಂದ ಕುಣಿಯುತ್ತಿದ್ದಾರೆ, ಅಷ್ಟೇ. ಪದ್ಯ ಮುಗಿದರೂ ಚಿತ್ರದಲ್ಲಿ ಆ ಕುಣಿತ ಮುಗಿಯುವುದಿಲ್ಲ. ಪದ್ಯ ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು? ಅದನ್ನು ಓದುವ ಮಗುವೇ ತೀರ್ಮಾನಿಸಬೇಕು. ಲಿಯರ್ ಅದನ್ನು ಮಗುವಿಗೇ ಬಿಟ್ಟಿದ್ದಾನೆ.

ಗಡ್ಡದಲ್ಲಿ ಹಕ್ಕಿಗಳು ಗೂಡು ಕಟ್ಟಿದ ಮುದುಕನ ಪದ್ಯವಂತೂ ತುಂಬ ಹೆಸರುವಾಸಿ. ಗೂಬೆ, ಕೋಳಿ, ನೆಲಗುಬ್ಬಿ, ರೆನ್ ಎಂಬ ಪುಟ್ಟ ಹಕ್ಕಿ, ಎಲ್ಲ ಒಂದೇ ಗಡ್ಡದಲ್ಲಿ! ನಾಲ್ಕಾರು ಗೆರೆಯಲ್ಲಿ ಗೀಚಿದ ಚಿತ್ರ. ಮಗು ಗೀಚಿದಂತೆಯೇ ಕಾಣುತ್ತದೆ. ಆದರೆ ಅವನ ಚಿತ್ರಗಳ ಹಕ್ಕಿಗಳು ಕುಳಿತುಕೊಳ್ಳುವ ಬಗೆ, ಕತ್ತು ಚಾಚುವ ಬಗೆ ನಿಜವಾದ ಹಕ್ಕಿಯದೇ. ಮೃಗಾಲಯದಲ್ಲಿ ಅಳೆದು ಅಳೆದು ಬರೆದ ಕೈ ಅದು. ಸರಿಯಾದದ್ದು ಗೊತ್ತಿದ್ದವನಿಗೆ ಮಾತ್ರ ಯಾವ ಗೆರೆಯನ್ನು ಬಿಡಬಹುದು, ಯಾವುದನ್ನು ಹಿಗ್ಗಿಸಿದರೆ ನಗು ಬರುತ್ತದೆ ಎಂಬುದು ತಿಳಿಯುತ್ತದೆ. ಗಿಳಿಯ ಕಾಲ್ಬೆರಳಿಗೂ ನಗೆಪದ್ಯಕ್ಕೂ ಇರುವ ಸಂಬಂಧ ಇದೇ.

1861ರಲ್ಲಿ ಹೆಚ್ಚಿನ ಪದ್ಯಗಳೊಂದಿಗೆ, ಅವನ ನಿಜ ಹೆಸರಿನಲ್ಲಿ ಪುಸ್ತಕ ಮತ್ತೆ ಬಂತು, ಚೆನ್ನಾಗಿ ಮಾರಾಟವಾಯಿತು. ಅದರ ಹಕ್ಕನ್ನು ಅವನು 125 ಪೌಂಡಿಗೆ ಪ್ರಕಾಶಕರಿಗೆ ಮಾರಿಬಿಟ್ಟ. ಲಾಭವೆಲ್ಲ ಬೇರೆಯವರ ಪಾಲಾಯಿತು. ಒಮ್ಮೆ ರೈಲಿನಲ್ಲಿ ಒಬ್ಬರು ಲಿಯರ್ ಎಂಬ ಮನುಷ್ಯನೇ ಇಲ್ಲ, ಅದು ಅರ್ಲ್ ಡರ್ಬಿಯವರ ಗುಪ್ತನಾಮ ಎಂದು ವಾದಿಸತೊಡಗಿದರು. ಇಂಗ್ಲಿಷಿನಲ್ಲಿ ಅರ್ಲ್ ಎಂಬುದಕ್ಕೆ ಇ, ಎ, ಆರ್, ಎಲ್ ಅಕ್ಷರಗಳು. ಕೊನೆಯ ಎಲ್ ಅನ್ನು ಮೊದಲಿಗೆ ತಂದರೆ ಲಿಯರ್! ಎದುರಿಗೇ ಕುಳಿತಿದ್ದ ಲಿಯರ್ ತನ್ನ ಟೋಪಿ ತೆಗೆದು ಒಳಗೆ ಬರೆದಿದ್ದ ಹೆಸರನ್ನು ತೋರಿಸಿ ತಾನು ಇದ್ದೇನೆಂದು ಸಾಬೀತು ಮಾಡಬೇಕಾಯಿತು. ಆ ಪ್ರಸಂಗದ ಚಿತ್ರವನ್ನೂ ಅವನೇ ಬರೆದಿದ್ದಾನೆ.

ಅಷ್ಟರಲ್ಲಿ ಅವನು ಹಕ್ಕಿಗಳನ್ನು ಬಿಟ್ಟು ಬಹಳ ಕಾಲವಾಗಿತ್ತು. ಗರಿಗರಿಯನ್ನೂ ಸೂಕ್ಷ್ಮವಾಗಿ ನೋಡಿ ಬರೆಯುವುದಕ್ಕೆ ಅವನ ಕಣ್ಣು ಸಹಕರಿಸಲಿಲ್ಲ. ಇಂಗ್ಲೆಂಡಿನ ಚಳಿ ಅವನ ಉಬ್ಬಸಕ್ಕೆ ಒಗ್ಗಲಿಲ್ಲ. 1837ರಲ್ಲಿ ರೋಮಿಗೆ ಹೋದ. ಅಲ್ಲಿಂದ ಮುಂದೆ ಬೆಟ್ಟ, ಕಣಿವೆ, ಊರುಗಳ ಚಿತ್ರ ಬರೆಯುವುದೇ ಜೀವನೋಪಾಯವಾಯಿತು. 1846ರಲ್ಲಿ ವಿಕ್ಟೋರಿಯಾ ರಾಣಿಗೂ ಕೆಲವು ಪಾಠ ಹೇಳಿಕೊಟ್ಟ. ಆದರೆ ಹಕ್ಕಿಗಳು ಅವನನ್ನು ಬಿಡಲಿಲ್ಲ. ಗೆಳೆಯನ ಚಿಕ್ಕ ಮಗಳಿಗಾಗಿ 1867ರಲ್ಲಿ ಬರೆದ ಹಾಡಿನಲ್ಲಿ ಗೂಬೆಯೊಂದು ಬೆಕ್ಕಿನ ಜೊತೆ ದೋಣಿಯಲ್ಲಿ ಹೊರಡುತ್ತದೆ, ಗಿಟಾರ್ ನುಡಿಸುತ್ತದೆ, ಅದನ್ನೇ ಮದುವೆಯಾಗುತ್ತದೆ. ನಮ್ಮಲ್ಲಿ ಗೂಬೆ ಕೂಗಿದರೆ ಅಪಶಕುನ ಎನ್ನುವವರು ಇನ್ನೂ ಇದ್ದಾರೆ. ಅವರಿಗೆ ಈ ಮದುಮಗನನ್ನು ತೋರಿಸಬೇಕು! ಈ ಹಾಡಿನ ದೋಣಿಗೆ ಎಳೆ ಬಟಾಣಿಯ ಹಸಿರು ಬಣ್ಣ. ಆದರೆ ಪುಸ್ತಕದ ಚಿತ್ರ ಬರೀ ಕಪ್ಪು ಬಿಳುಪು. ಅಂದರೆ ಇಲ್ಲಿ ಕೊರತೆ ತುಂಬುವ ಕೆಲಸ ಪದ್ಯದ್ದು. ಚಿತ್ರ ಆಕಾರ ಕೊಟ್ಟಿತು, ಪದ ಬಣ್ಣ ಕೊಟ್ಟಿತು, ಎರಡನ್ನೂ ಸೇರಿಸಿದ್ದು ಓದುವವರ ಮನಸ್ಸು.

ಅದೇ 1871ರ ಪುಸ್ತಕದಲ್ಲಿ ಸಸ್ಯಶಾಸ್ತ್ರಕ್ಕೂ ಒಂದು ಭಾಗ ಮೀಸಲು. ಆಲದ ಮರಕ್ಕೆ ಫೈಕಸ್ ಬೆಂಗಾಲೆನ್ಸಿಸ್ ಎಂಬ ಎರಡು ಪದದ ವೈಜ್ಞಾನಿಕ ಹೆಸರಿರುವುದು ನಿಮಗೆ ಗೊತ್ತಲ್ಲ. ಲಿಯರ್ ಅಂತಹುದೇ ಗಂಭೀರವಾದ ಹೆಸರು ಕೊಟ್ಟು ಇಲ್ಲದ ಗಿಡಗಳನ್ನು ಬರೆದ. ಒಂದರಲ್ಲಿ ಹೂವಿನ ಬದಲು ಸಾಲಾಗಿ ತಲೆಕೆಳಗಾಗಿ ನೇತಾಡುವ ಮನುಷ್ಯರು. ಒಂದರಲ್ಲಿ ಹಂದಿಗಳು. ಇನ್ನೊಂದಕ್ಕೆ ಚಮಚದಂತಹ ಎಲೆ. ಗೆರೆಗಳೆಲ್ಲ ಸಸ್ಯಶಾಸ್ತ್ರದ ಪುಸ್ತಕದ ಚಿತ್ರದಂತೆಯೇ ಅಚ್ಚುಕಟ್ಟು. ನಿಜವಾದ ವಿಜ್ಞಾನಚಿತ್ರ ಬರೆದವನಲ್ಲದೆ ಬೇರೆ ಯಾರೂ ಈ ತಮಾಷೆ ಮಾಡಲಾರರು.

ಲಿಯರ್ ನಮ್ಮ ದೇಶಕ್ಕೂ ಬಂದಿದ್ದ. ಆಗ ವೈಸರಾಯ್ ಆಗಿದ್ದ ಲಾರ್ಡ್ ನಾರ್ತ್‌ಬ್ರೂಕ್ ಅವನ ಗೆಳೆಯ. ಅವರ ಆಹ್ವಾನದ ಮೇಲೆ 1873ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಇಳಿದಾಗ ಅವನಿಗೆ 61 ವರ್ಷ. ಒಂದು ವರ್ಷಕ್ಕೂ ಮಿಕ್ಕಿ ಕಾಶಿ, ಡಾರ್ಜಿಲಿಂಗ್, ದೆಹಲಿ, ಹೈದರಾಬಾದ್, ಮದ್ರಾಸ್ ಎಂದು ಸುತ್ತಿದ. 1874ರಲ್ಲಿ ನಮ್ಮ ಬೆಂಗಳೂರನ್ನೂ ನೋಡಿಹೋದ. ಇಲ್ಲಿ ಕೇಳಿದ ಪದಗಳು ಅವನಿಗೆ ಎಷ್ಟು ಹಿಡಿಸಿದವೆಂದರೆ ಅವುಗಳ ಅರ್ಥವನ್ನೆಲ್ಲ ಬೇಕೆಂದೇ ಪಲ್ಲಟ ಮಾಡಿ ಒಂದು ಪದ್ಯ ಬರೆದ. ಅದು 1874ರಲ್ಲಿ ಮುಂಬಯಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಧೋಬಿ ಎಂದರೆ ಕುಳಿತುಕೊಳ್ಳುವ ವಸ್ತು. ಸೊಂಟಕ್ಕೆ ಸುತ್ತುವ ಕಮರ್‌ಬಂದ್ ಎಂದರೆ ಹುಡುಗಿಯನ್ನು ನುಂಗುವ ಭಯಂಕರ ಪ್ರಾಣಿ!

ಕೊನೆಯ ವರ್ಷಗಳನ್ನು ಅವನು ಇಟಲಿಯ ಸ್ಯಾನ್ ರೆಮೊ ಎಂಬ ಕಡಲ ತೀರದ ಊರಿನಲ್ಲಿ ಕಳೆದ. ಮದುವೆಯಾಗಲಿಲ್ಲ. ಜೊತೆಗಿದ್ದದ್ದು ಫಾಸ್ ಎಂಬ ಮೋಟು ಬಾಲದ ಬೆಕ್ಕು. ಆ ಬೆಕ್ಕಿನ ಚಿತ್ರಗಳನ್ನೂ ತನ್ನ ಚಿತ್ರಗಳನ್ನೂ ಪತ್ರಗಳಲ್ಲಿ ಗೀಚುತ್ತಿದ್ದ. ತನ್ನನ್ನು ತಾನು ಬರೆದುಕೊಳ್ಳುವಾಗ ದುಂಡನೆ ಹೊಟ್ಟೆ, ಕಡ್ಡಿ ಕಾಲು, ಕನ್ನಡಕ. ನೋಡಲು ಯಾವುದೋ ಹಕ್ಕಿಯೇ! ಫಾಸ್ 1887ರಲ್ಲಿ ಸತ್ತಿತು. 1888ರ ಜನವರಿ 29ರಂದು ಲಿಯರ್ ತೀರಿಕೊಂಡ.

ಅವನ ಗಿಳಿಪುಸ್ತಕದಲ್ಲಿ ಒಂದು ನೀಲಿ ಮಕಾವ್ ಗಿಳಿಯ ಚಿತ್ರವಿತ್ತು. ಹಯಸಿಂತ್ ಮಕಾವ್ ಎಂದುಕೊಂಡೇ ಅವನು ಅದನ್ನು ಬರೆದಿದ್ದ. ಆದರೆ ಕೊಕ್ಕಿನ ಬುಡದ ಹಳದಿ ಮಚ್ಚೆಯನ್ನು ತಾನು ಕಂಡ ಹಾಗೆಯೇ ಬರೆದಿದ್ದ. ಅದು ಹಯಸಿಂತ್ ಅಲ್ಲ, ಬೇರೆಯದೇ ಪ್ರಭೇದ ಎಂದು 1856ರಲ್ಲಿ ಬೊನಪಾರ್ಟ್ ಎಂಬ ಪಕ್ಷಿವಿಜ್ಞಾನಿ ಗುರುತಿಸಿ ಅದಕ್ಕೆ ಲಿಯರ್‌ನ ಹೆಸರನ್ನೇ ಇಟ್ಟ. ಅನೊಡೊರಿಂಕಸ್ ಲಿಯರೈ ಎಂಬುದು ಅದರ ವೈಜ್ಞಾನಿಕ ಹೆಸರು. ಹೆಸರೇನೋ ಬಂತು, ಆದರೆ ಆ ಗಿಳಿ ಕಾಡಿನಲ್ಲಿ ಎಲ್ಲಿದೆ ಎಂಬುದು ನೂರು ವರ್ಷಕ್ಕೂ ಮಿಕ್ಕಿ ಯಾವ ವಿಜ್ಞಾನಿಗೂ ತಿಳಿಯಲಿಲ್ಲ. 1978ರಲ್ಲಿ ಹೆಲ್ಮುಟ್ ಸಿಕ್ ಎಂಬ ವಿಜ್ಞಾನಿ ಬ್ರೆಜಿಲ್ ದೇಶದ ಬಹಿಯಾ ಎಂಬ ರಾಜ್ಯದಲ್ಲಿ ಅದನ್ನು ಪತ್ತೆಮಾಡಿದರು. ಮರಳುಗಲ್ಲಿನ ಕಡಿದಾದ ಬಂಡೆಗಳ ಪೊಟರೆಗಳಲ್ಲಿ ಅದರ ವಾಸ, ಲಿಕುರಿ ಎಂಬ ತಾಳೆಯ ಕಾಯಿ ಅದರ ಮುಖ್ಯ ಆಹಾರ. ಆಗ ನೂರು ಹಕ್ಕಿಗಳೂ ಉಳಿದಿರಲಿಲ್ಲ. ಕಳ್ಳಬೇಟೆ ತಡೆದು, ತಾಳೆಮರಗಳನ್ನು ಕಾಪಾಡಿದ ಮೇಲೆ ಅವುಗಳ ಸಂಖ್ಯೆ ಸಾವಿರ ದಾಟಿದೆ.